ಬೋರ್ಡಿನಲ್ಲಿ ಹೆಸರಿಲ್ಲದ ಖಾನಾವಳಿ: ಕೆಲಸ ಹುಡುಕುವ ದಿನಗಳ ರೊಟ್ಟಿ ಊಟ

ದಾವಣಗೆರೆಯ ಹಳೇ ಬಸ್ ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ಸಿಗುವ ಓಣಿಯೊಂದರಲ್ಲಿ ಈ ಖಾನಾವಳಿ ಇದೆ. ಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ ‘ಜೋಳದ ರೊಟ್ಟಿ ಊಟ’ ಎಂದಷ್ಟೇ ಬರೆದಿದೆ. ಬೆಂಗಳೂರಿನಲ್ಲಿ ಆರು ವರ್ಷ ಮಾಡಿದ್ದ ಕೆಲಸ ಕಳೆದ ಮಾರ್ಚ್‌ನಲ್ಲಿ ಹೋಯಿತು. ನಮ್ಮ ಊರು ಜಗಳೂರಿನ ಕಡೆಯದಾದರೂ, ಸಂದರ್ಶನಕ್ಕೆ ಓಡಾಡಲು ರೈಲು ಹತ್ತಿರವಿರಲಿ ಎಂದು ನಾನು ಇಲ್ಲಿಯೇ ಸಣ್ಣ ಕೋಣೆ ಹಿಡಿದೆ. ಅಂದಿನಿಂದ ಮಧ್ಯಾಹ್ನದ ಊಟ ಬಹುತೇಕ ಇಲ್ಲಿಯೇ.

ಒಂದು ಊಟಕ್ಕೆ 70 ರೂಪಾಯಿ. ಮೂವತ್ತು ಟಿಕೆಟ್‌ಗಳ ಪುಸ್ತಕ ಕೊಂಡರೆ 1,800. ಬೆಂಗಳೂರಿನಲ್ಲಿ ಮೊಬೈಲಿನಲ್ಲಿ ತರಿಸುತ್ತಿದ್ದ ಒಂದು ಹೊತ್ತಿನ ಊಟಕ್ಕೇ 200 ರೂಪಾಯಿ ದಾಟುತ್ತಿತ್ತು. ಆದರೆ ನನಗೆ ಇಲ್ಲಿ ಹಿಡಿಸಿದ್ದು ಬರೀ ಬೆಲೆಯಲ್ಲ. ಈ ಟಿಕೆಟ್‌ಗಳಿಗೆ ತಿಂಗಳ ಗಡುವಿಲ್ಲ. ಸಂದರ್ಶನಕ್ಕೆಂದು ಮೂರು ದಿನ ಊರು ಬಿಟ್ಟರೂ ಆ ಮೂರು ಹಾಳೆಗಳು ಪುಸ್ತಕದಲ್ಲಿಯೇ ಉಳಿಯುತ್ತವೆ. ಸಂಬಳ ನಿಂತು, ಉಳಿತಾಯದ ಹಣವನ್ನು ವಾರವಾರಕ್ಕೂ ಲೆಕ್ಕ ಹಾಕುತ್ತಿರುವವನಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ಅನುಭವಿಸಿದವರೇ ಬಲ್ಲರು.

ಏನು ಬೇಕೆಂದು ಇಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಆ ದಿನ ಮಾಡಿದ್ದು ಒಂದೇ ಊಟ: ಎರಡು ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಸೊಪ್ಪು ಅಥವಾ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ, ಅನ್ನ, ಸಾರು, ಮಜ್ಜಿಗೆ. ಒಲೆಯ ಪಕ್ಕದ ಬೆಂಚಿನಲ್ಲಿ ಕುಳಿತರೆ ರೊಟ್ಟಿ ಆಗುವುದನ್ನು ಪೂರ್ತಿ ನೋಡಬಹುದು. ಕುದಿಯುವ ಎಸರಿಗೆ ಹಿಟ್ಟು ಹಾಕಿ, ನಾವೆಲ್ಲ ಅಕ್ಕ ಎನ್ನುವ ಅಡುಗೆಯಾಕೆ ಚೆನ್ನಾಗಿ ನಾದುತ್ತಾರೆ. ಜೋಳಕ್ಕೆ ಗೋಧಿಯ ಜಿಗುಟು ಇಲ್ಲದಿರುವುದರಿಂದ ಬಿಸಿನೀರಿನಲ್ಲಿ ಹದ ತಪ್ಪಿದರೆ ಅಂಚು ಒಡೆಯುತ್ತದೆ. ಆಮೇಲೆ ಅಂಗೈಯಿಂದ ತಟ್ಟುತ್ತ, ಉಂಡೆಯನ್ನು ತಿರುಗಿಸುತ್ತ ಹೋದಂತೆ ರೊಟ್ಟಿ ಹಿಗ್ಗುತ್ತದೆ. ಹಂಚಿಗೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡಕ್ಕೆ ಒಡ್ಡಿದಾಗ ಅದು ಬುಸ್ಸೆಂದು ಉಬ್ಬುತ್ತದೆ. ಆ ಬಿಸಿಯಲ್ಲೇ ತಟ್ಟೆಗೆ ಬೀಳುವ ರೊಟ್ಟಿಗೆ ಪುಂಡಿಪಲ್ಯ ಸೇರಿದರೆ ನನಗೆ ಬೇರೇನೂ ಬೇಕೆನಿಸುವುದಿಲ್ಲ.

ಇಲ್ಲಿಗೆ ಬರುವವರಲ್ಲಿ ಹಮಾಲರು, ಆಟೋದವರು, ಪರೀಕ್ಷೆಗೆ ಓದುವ ಹುಡುಗರು ಇದ್ದಾರೆ, ಹಿಂದೆ ಗಿರಣಿಯಲ್ಲಿ ದುಡಿದ ಒಬ್ಬ ಹಿರಿಯರೂ ಇದ್ದಾರೆ. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಆರಂಭವಾದ ಮೇಲೆ ಹತ್ತಿ ಗಿರಣಿಗಳಿಂದಲೇ ಈ ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು, ಮುಂದೆ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಾನು ಕೆಲಸ ಬಿಟ್ಟು ಬಂದವನಲ್ಲ, ಕೆಲಸ ಹೋಗಿ ಬಂದವನೆಂದು ಹೇಳಿದ ದಿನ ಆ ಹಿರಿಯರು ಮರುಕವನ್ನೂ ತೋರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. “ಮೊದ್ಲು ಹೊಟ್ಟಿ ತುಂಬ ಉಣ್ಣು ತಮ್ಮಾ, ಆಮ್ಯಾಲೆ ಅರ್ಜಿ ಬರಿ” ಎಂದರು. ನೆಂಟರ ಮದುವೆಗಳಲ್ಲಿ ‘ಈಗ ಎಲ್ಲಿದ್ದೀಯಪ್ಪ?’ ಎಂಬ ಪ್ರಶ್ನೆಗೆ ಹೆದರಿ ಮೂಲೆ ಹಿಡಿಯುತ್ತಿದ್ದ ನನಗೆ ಈ ಬೆಂಚಿನ ಮೇಲೆ ಕೂರಲು ಒಂದು ದಿನವೂ ಸಂಕೋಚವಾಗಿಲ್ಲ. ಖರ್ಚು ಕಡಿಮೆ ಮಾಡುವುದು ಅವಮಾನವೆಂಬ ಭಾವನೆ ನನ್ನಿಂದ ಹೋದದ್ದು ಇಲ್ಲಿಯೇ.

ಕೊರತೆಗಳನ್ನೂ ಹೇಳಬೇಕು. ಎರಡು ಗಂಟೆ ದಾಟಿದರೆ ರೊಟ್ಟಿ ಮುಗಿದು ಅನ್ನ ಸಾರು ಮಾತ್ರ ಉಳಿದಿರುತ್ತದೆ. ಭಾನುವಾರ ಬಾಗಿಲು ಹಾಕಿರುತ್ತದೆ. ಬೇಸಿಗೆಯಲ್ಲಿ ಒಲೆಯ ಬಳಿಯ ಸೆಕೆ ತಡೆಯಲಾಗದು, ಇರುವ ಒಂದು ಫ್ಯಾನ್ ಬಾಗಿಲ ಕಡೆಗಿದೆ. ಕೆಲವು ದಿನ ಸಾರಿಗೆ ಖಾರ ಹೆಚ್ಚಾಗಿರುತ್ತದೆ. ಹೊಟ್ಟೆ ಸೂಕ್ಷ್ಮವಿರುವವರು ಮಜ್ಜಿಗೆಯನ್ನು ಮೊದಲೇ ಕೇಳಿ ಇಟ್ಟುಕೊಳ್ಳುವುದು ಒಳಿತು. ಬೆಳಗಿನ ತಿಂಡಿ ಇಲ್ಲಿ ಸಿಗದು. ಅದಕ್ಕೆ ನಾನು 5 ರೂಪಾಯಿಗೆ ತಿಂಡಿ ಕೊಡುವ ಇಂದಿರಾ ಕ್ಯಾಂಟೀನ್‌ಗೆ ಹೋಗುತ್ತೇನೆ. ಬೆಣ್ಣೆ ದೋಸೆಯನ್ನು ತಿಂಗಳಿಗೊಮ್ಮೆ, ಅದೂ ಸಂದರ್ಶನ ಚೆನ್ನಾಗಿ ಆದ ದಿನಕ್ಕೆಂದು, ಎತ್ತಿಟ್ಟಿದ್ದೇನೆ.

ದೂರ ಹೋಗುವವರು ಹಿಂದಿನ ದಿನವೇ ಹೇಳಿದರೆ ಗರಿಗರಿಯಾಗಿ ಒಣಗಿಸಿದ ಕಟಕ್ ರೊಟ್ಟಿಯನ್ನು ಚಟ್ನಿಪುಡಿಯೊಂದಿಗೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ವಾರವಾದರೂ ಕೆಡದ ಈ ರೊಟ್ಟಿ ಇದ್ದರೆ ರೈಲಿನಲ್ಲಿ ಊಟಕ್ಕೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಬರುವ ಮಂಗಳವಾರ ಹುಬ್ಬಳ್ಳಿಯಲ್ಲಿ ನನಗೊಂದು ಸಂದರ್ಶನವಿದೆ. ನಾಲ್ಕು ರೊಟ್ಟಿ ಸಾಕೆಂದು ಅಕ್ಕನಿಗೆ ಹೇಳಿ ಬಂದಿದ್ದೇನೆ, ಅವರು ಆರು ಕಟ್ಟುತ್ತೇನೆ ಎಂದಿದ್ದಾರೆ.