ಯೂರೋಪ್ ರೈಲು: ಪಾಸ್ ತಗೊಳ್ಳೋದಾ, ಬಿಡಿ ಟಿಕೆಟ್ಟಾ?

ಪಾಸ್ ಅಂದರೆ ಒಮ್ಮೆ ಕೊಂಡು ಹಲವು ರೈಲು ಹತ್ತುವ ಟಿಕೆಟ್. ಎರಡೂ ಬಳಸಿ ನೋಡಿದ್ದೇನೆ. ಊರು, ತಾರೀಖು ಮೊದಲೇ ಗಟ್ಟಿಯಾಗಿದ್ದರೆ ಬಿಡಿ ಟಿಕೆಟ್ಟೇ ಸರಿ. ಅಲ್ಲಿ ಹೋಗಿ ನೋಡಿಕೊಳ್ಳೋಣ ಅನ್ನುವವರಿಗೆ ಪಾಸ್.

ನಮ್ಮಂಥ ಹೊರಗಿನವರಿಗೆ ಯೂರೇಲ್ ಪಾಸ್, ಅಲ್ಲೇ ವಾಸ ಇರುವವರಿಗೆ ಇಂಟರ್‌ರೇಲ್ ಪಾಸ್. 33 ದೇಶಗಳಲ್ಲಿ ನಡೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಪಾಸ್ ನಿಜಕ್ಕೂ ಸುಖ. ಹತ್ತಬೇಕಾದ ರೈಲನ್ನು ಪಾಸ್‌ನ ‘ರೇಲ್ ಪ್ಲ್ಯಾನರ್’ ಆ್ಯಪ್‌ಗೆ ಸೇರಿಸಿ, ಹತ್ತಿ ಕೂತು, ಟಿಕೆಟ್ ಕೇಳಿದಾಗ ಕ್ಯೂಆರ್ ಕೋಡ್ ತೋರಿಸಿದರೆ ಆಯ್ತು, ಬಹುತೇಕ ಕಡೆ ಸೀಟು ಕಾಯ್ದಿರಿಸುವ ಗೋಜೇ ಇಲ್ಲ. ಆದರೆ ಯುಂಗ್‌ಫ್ರಾವ್ ಬೆಟ್ಟ ಹತ್ತುವ ರೈಲಿಗೆ ರಿಯಾಯಿತಿ ಮಾತ್ರ, ಪುಕ್ಕಟೆ ಅಲ್ಲ.

ಫ್ರಾನ್ಸ್‌ನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಯೂರೋಸ್ಟಾರ್ ಥರದ ವೇಗದ ರೈಲುಗಳ ಕಥೆ ಬೇರೆ. ಪಾಸ್ ಇದ್ದರೂ ಸೀಟಿಗೆ ಮತ್ತೆ ದುಡ್ಡು ಕೊಡಬೇಕು. ಯೂರೋಸ್ಟಾರ್ ಮತ್ತು ಟಿಜಿವಿಗಳಲ್ಲಿ ಪಾಸ್‌ನವರಿಗೆ ಅಂತ ಇಟ್ಟಿರುವ ಸೀಟುಗಳೂ ಕಮ್ಮಿ. ಇಷ್ಟೆಲ್ಲ ಕೊಟ್ಟ ಮೇಲೆ ಪಾಸ್ ಯಾಕೆ ಬೇಕಿತ್ತು ಅನ್ನಿಸುತ್ತೆ, ಅಲ್ವಾ?

ಬಿಡಿ ಟಿಕೆಟ್ ದರ ನಮ್ಮ ರೈಲಿನ ಥರ ಒಂದೇ ಕಡೆ ನಿಲ್ಲಲ್ಲ. ಬೇಗ ಬುಕ್ ಮಾಡಿದಷ್ಟೂ ಅಗ್ಗ, ಕೊನೇ ವಾರದಲ್ಲಿ ಕೇಳಲೇಬೇಡಿ. ವೇಳಾಪಟ್ಟಿಗೆ ನಾನು ಯಾವ ದೇಶಕ್ಕಾದರೂ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್ ನೋಡುತ್ತೇನೆ. ಟಿಕೆಟ್ ಮಾತ್ರ ಆಯಾ ದೇಶದ ರೈಲ್ವೆಯ ಸೈಟಿನಲ್ಲೇ. ಪ್ರಾಗ್‌ನಿಂದ ವಿಯೆನ್ನಾಕ್ಕೆ ಜೆಕ್ ರೈಲ್ವೆ, ವಿಯೆನ್ನಾದಿಂದ ವೆನಿಸ್‌ಗೆ ಆಸ್ಟ್ರಿಯಾದ ರೈಲ್ವೆ ಒಬಿಬಿ. ವೆನಿಸ್‌ನ ಈ ದಾರಿಯಲ್ಲಿ ನೈಟ್‌ಜೆಟ್ ಇದೆ, ಅಂದರೆ ರಾತ್ರಿ ರೈಲು. ಮಲಗುವ ಜಾಗ ಬೇಕಾದರೆ ಬರೀ ಸೀಟು ಒತ್ತಿಬಿಡಬೇಡಿ, ಕುಶೆಟ್ (ಮಲಗುವ ಬರ್ತ್) ಆರಿಸಿ. ಇಳಿಯೋದು ವೆನಿಸ್‌ನ ಸಾಂತಾ ಲುಚಿಯಾ ಸ್ಟೇಷನ್ನಿನಲ್ಲಿ. ಅದಕ್ಕೂ ಮುಂಚೆ ಬರುವ ಮೆಸ್ತ್ರೆ ಸ್ಟೇಷನ್ನಿಗೂ ವೆನಿಸ್ ಅಂತಲೇ ಹೆಸರು, ಆದರೆ ಅದು ಕಾಲುವೆಗಳ ಊರಲ್ಲ.

ಮಧ್ಯವರ್ತಿ ಆ್ಯಪ್‌ಗಳದ್ದು ಒಂದೇ ಲಾಭ: ಇಟಲಿಯಲ್ಲಿ ಟ್ರೆನಿಟಾಲಿಯಾ, ಇಟಾಲೊ ಎರಡೂ ರೈಲು ಕಂಪನಿಗಳ ದರವನ್ನು ಅಕ್ಕಪಕ್ಕ ನೋಡಬಹುದು. ಆದರೆ ಒಮ್ಮೆ ನನ್ನ ರೈಲು ರದ್ದಾದಾಗ ಆ್ಯಪ್‌ನವರು ರೈಲ್ವೆಯನ್ನು ಕೇಳಿ ಅಂದರು, ರೈಲ್ವೆಯವರು ಆ್ಯಪ್‌ನವರನ್ನು ಕೇಳಿ ಅಂದರು. ಅವತ್ತಿನಿಂದ ದರ ನೋಡೋಕಷ್ಟೇ ಬಳಸುತ್ತೇನೆ.

ಮಧ್ಯೆ ರೈಲು ಬದಲಿಸುವುದಿದ್ದರೆ ಇಡೀ ದಾರಿಗೆ ಒಂದೇ ಟಿಕೆಟ್ ಮಾಡಿಸಿ, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ. ಮೊದಲನೇದು ತಡವಾಗಿ ಎರಡನೇದು ತಪ್ಪಿದರೆ ಮುಂದಿನ ರೈಲಿಗೆ ಕಳಿಸುತ್ತಾರೆ. ತಲುಪೋದು ಒಂದು ಗಂಟೆ ತಡವಾದರೆ, ತಪ್ಪು ರೈಲ್ವೆಯದ್ದೇ ಆಗಿದ್ದಾಗ, ದರದ 25% ವಾಪಸ್ ಕೇಳಬಹುದು, ಎರಡು ಗಂಟೆಯಾದರೆ 50%.

ಮಕ್ಕಳಿದ್ದರೆ ಲೆಕ್ಕ ಇನ್ನೊಮ್ಮೆ ಹಾಕಿ. 4ರಿಂದ 11 ವರ್ಷದವರಿಗೆ, ಒಬ್ಬ ದೊಡ್ಡವರ ಜೊತೆ ಇಬ್ಬರ ತನಕ, ಪಾಸ್ ಪುಕ್ಕಟೆ. ಸೀಟಿನ ದುಡ್ಡು ಬೇರೆ.