ಸಿಲ್ವರ್ ಓಕ್ ಹಲಗೆಯ ಗೋಡೆ: ಮಲೆನಾಡಿನ ಪುಟ್ಟ ಮನೆಯಲ್ಲಿ ಬಳಸಿ ನೋಡಿದ ಮೇಲೆ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ದಾರಿಯ ಪಕ್ಕದ ನಮ್ಮ ಸಣ್ಣ ಕಾಫಿ ತೋಟದಲ್ಲಿ, 12 ಅಡಿ ಅಗಲ, 16 ಅಡಿ ಉದ್ದದ ಒಂದೇ ಕೋಣೆಯ ಮನೆ ಕಟ್ಟಿಸಿ, ಅದರ ಸಿಮೆಂಟ್ ಇಟ್ಟಿಗೆಯ ಗೋಡೆಗಳಿಗೆ ಒಳಗಿನಿಂದ ಸಿಲ್ವರ್ ಓಕ್ ಹಲಗೆ ಹೊದಿಸಿ ಹಲವು ಮಳೆಗಾಲಗಳು ಕಳೆದಿವೆ. ಹಲಗೆ ಹೇಗಿದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಗೋಡೆಗೊಂದು ಬಗೆಯದು. ಮೂರು ಗೋಡೆಗಳ ಬಗ್ಗೆ ನನ್ನ ತಕರಾರಿಲ್ಲ; ಪಶ್ಚಿಮದ ಗೋಡೆಯ ಬಗ್ಗೆ ಹೇಳಬೇಕಾದದ್ದು ಬಹಳವಿದೆ.

ತೇಗ, ಹೊನ್ನೆ, ಬೀಟೆಗಳ ಮಾತನ್ನು ನನ್ನ ಜೇಬು ಮೊದಲೇ ತಳ್ಳಿಹಾಕಿತ್ತು. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಮ್ಮ ಎಲ್ಲ ತೋಟಗಳಲ್ಲೂ ನಿಂತಿರುವ ಮರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಸಾಲಿನಲ್ಲಿ ಅದೂ ಸೇರಿರುವುದರಿಂದ, ಸಾಮಿಲ್ಲುಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ ಮತ್ತು ಅಗ್ಗವಾಗಿಯೂ ಸಿಗುತ್ತದೆ. ಹಾಸನದ ಕಡೆಯ ಒಂದು ಮಿಲ್ಲಿನವರು ಮುಕ್ಕಾಲು ಇಂಚಿನ ಹಲಗೆ ಕೊಯ್ದು, ರಂದಾ ಹೊಡೆದು, ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ತೋಡಿನಲ್ಲಿ ಕೂರುವಂತೆ ಮಾಡಿ, ತಮ್ಮ ಆಳುಗಳಿಂದಲೇ ಜೋಡಿಸಿಕೊಟ್ಟದ್ದಕ್ಕೆ ಚದರ ಅಡಿಗೆ ನೂರು ರೂಪಾಯಿಯ ಆಸುಪಾಸು ತಗುಲಿತು. ಈ ದರಕ್ಕೆ ಪ್ಲಾಸ್ಟಿಕ್ ಪಟ್ಟಿಯೂ ಸಿಗುತ್ತಿತ್ತು. ಆದರೆ ತೋಟದ ಮನೆಯೊಳಗೆ ಪ್ಲಾಸ್ಟಿಕ್ ಗೋಡೆ ನನಗೆ ಒಗ್ಗುವ ಸಂಗತಿಯಲ್ಲ.

ನಾನು ಎಣಿಸದೇ ಇದ್ದ ಸುಖವೊಂದು ಉತ್ತರದ ಗೋಡೆಯಿಂದ ಸಿಕ್ಕಿತು. ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಹಳೆಯ ಮನೆಯ ಗಾರೆ ಗೋಡೆಗೆ ಬೆನ್ನು ತಾಗಿದರೆ ಚಳಿ ಮೂಳೆಗಿಳಿಯುತ್ತಿತ್ತು. ಈಗ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಒಂದು ಬಾಗಿಲನ್ನಷ್ಟೇ ತೆರೆದು, ಒಲೆಯ ಮೇಲಿಂದ ಇಳಿಸಿದ ಬೆಲ್ಲದ ಕಾಫಿಯ ಲೋಟ ಹಿಡಿದು, ಚಾಪೆಯ ಮೇಲೆ ಕಾಲು ಚಾಚಿ, ಹಲಗೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಮರವು ಮೈಯ ಬಿಸಿಯನ್ನು ಗಾರೆಯಷ್ಟು ಬೇಗ ಎಳೆದುಕೊಳ್ಳುವುದಿಲ್ಲವಾದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಬೆನ್ನ ಹಿಂದಿನ ಜಾಗ ಬೆಚ್ಚಗಾಗುತ್ತದೆ. ಕಂಬಳಿಗೆ, ಕೊಡೆಗೆ, ಕತ್ತಿಗೆ, ಟಾರ್ಚಿಗೆ ಬೇಕೆಂದಲ್ಲಿ ಒಂದು ಕೊಕ್ಕೆ ತಿರುಪಿದರಾಯಿತು; ಡ್ರಿಲ್ಲಿನವನನ್ನು ಹುಡುಕುವ ಕೆಲಸವಿಲ್ಲ. ಇಷ್ಟು ಸಣ್ಣ ಮನೆಯಲ್ಲಿ ನೆಲಕ್ಕಿಂತ ಗೋಡೆಯೇ ಹೆಚ್ಚು ಸಾಮಾನು ಹೊರುತ್ತದೆ.

ಇನ್ನು ಪಶ್ಚಿಮದ ಗೋಡೆ. ನಮ್ಮಲ್ಲಿ ಇರಿಚಲು ಬಡಿಯುವುದು ಆ ದಿಕ್ಕಿನಿಂದಲೇ. ಮೊದಲ ಮಳೆಗಾಲದ ನಡುವೆ ಮಂಚದ ಹಿಂದಿನಿಂದ ಮುಗ್ಗಲು ವಾಸನೆ ಬರತೊಡಗಿತು. ಒರೆಸಿದಷ್ಟೂ ಹಲಗೆಗಳ ಸಂದಿನಲ್ಲಿ ಬೂಷ್ಟು ಮತ್ತೆ ಮತ್ತೆ ಮೂಡಿತು. ಮಿಲ್ಲಿಗೆ ಫೋನು ಮಾಡಿದರೆ, ಮಲೆನಾಡಿನಲ್ಲಿ ಬೂಷ್ಟು ಬರದೆ ಇನ್ನೇನು ಬರುತ್ತದೆ ಎಂಬ ಉತ್ತರ ಸಿಕ್ಕಿತು. ಅದೇ ಮರ, ಅದೇ ಎಣ್ಣೆ ಬಳಿದ ಉಳಿದ ಮೂರು ಗೋಡೆಗಳು ಶುಚಿಯಾಗಿಯೇ ಇದ್ದುದಕ್ಕೆ ಅವರ ಬಳಿ ವಿವರಣೆ ಇರಲಿಲ್ಲ.

ವಿವರಣೆ ಹಲಗೆಯ ಹಿಂದೆ ಇತ್ತು. ಹಲಗೆಗಳನ್ನು ಅಡ್ಡಲಾಗಿ ಹೊದಿಸಿದರೆ ಅವನ್ನು ಗೋಡೆಗೆ ಹಿಡಿಯುವ ರೀಪುಗಳು, ಅಂದರೆ ಸಣ್ಣ ಮರದ ಪಟ್ಟಿಗಳು, ನೆಲದಿಂದ ಸೂರಿನವರೆಗೆ ನೆಟ್ಟಗೆ ನಿಲ್ಲುತ್ತವೆ, ಅವುಗಳ ನಡುವೆ ಗಾಳಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಕೋಣೆ ಎತ್ತರವಾಗಿ ಕಾಣಲೆಂದು ಜೋಡಿಸಲು ಬಂದವರು ಪಶ್ಚಿಮದ ಗೋಡೆಯಲ್ಲಿ ಮಾತ್ರ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿದ್ದರು. ಆದ್ದರಿಂದ ರೀಪುಗಳು ಅಡ್ಡಲಾಗಿ, ಗೋಡೆಯ ಈ ತುದಿಯಿಂದ ಆ ತುದಿಗೆ, ಗಾಳಿಗೆ ಕಟ್ಟೆ ಕಟ್ಟಿದಂತೆ ಕೂತಿದ್ದವು. ಗಾಳಿಯ ಆರ್ದ್ರತೆ ಶೇ 90ರ ಹತ್ತಿರ ನಿಂತರೆ ಮರದೊಳಗಿನ ತೇವ ಶೇ 20ರ ಸುಮಾರಿಗೆ ಏರುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಮಳೆ ಕುಡಿದ ಇಟ್ಟಿಗೆಯ ಪಕ್ಕದಲ್ಲಿ ಗಾಳಿಯಾಡದೆ ನಿಂತ ಹಲಗೆಯ ಬೆನ್ನಿನ ಪಾಡನ್ನು ಬೇರೆ ಹೇಳಬೇಕಿಲ್ಲ. ಸಾಲದ್ದಕ್ಕೆ ಮುಖಕ್ಕೆ ಬಳಿದ ಹಸಿ ಅಗಸೆ ಎಣ್ಣೆ ಬೂಷ್ಟಿಗೆ ಆಹಾರವೂ ಆಗುತ್ತದೆ, ಬೆನ್ನಿಗೆ ಏನನ್ನೂ ಬಳಿದಿರಲಿಲ್ಲ.

ಬೇಸಿಗೆಯಲ್ಲಿ ನಮ್ಮೂರಿನ ಆಚಾರಿಯವರು ಆ ಹಲಗೆಗಳನ್ನು ಬಿಚ್ಚಿ, ಪ್ರತಿ ರೀಪಿನಲ್ಲೂ ಅಲ್ಲಲ್ಲಿ ಕಚ್ಚು ತೆಗೆದು, ನೆಲದ ಬಳಿ ಮತ್ತು ಸೂರಿನ ಬಳಿ ಬೆರಳಗಲ ಸಂದು ಬಿಟ್ಟು, ಹಲಗೆಗಳ ಎರಡೂ ಮೈಗೆ ವಾರ್ನಿಶ್ ಹೊಡೆದು ಮತ್ತೆ ಕೂರಿಸಿದರು. ಹೊರಗಡೆ ಇರಿಚಲು ತಡೆಯಲು ತಗಡಿನ ಮಾಡು ಇಳಿಸಿದೆವು. ವಾಸನೆ ಹೋಯಿತು, ನನ್ನ ಸಿಟ್ಟೂ ಅರ್ಧ ಇಳಿಯಿತು. ಉಳಿದರ್ಧ ಸಿಟ್ಟು ಮರದ ಮೇಲಿನದಲ್ಲ. ಖರ್ಚಿಲ್ಲದೆ ಮೊದಲ ದಿನವೇ ಆಗಬಹುದಾಗಿದ್ದ ಕೆಲಸಕ್ಕೆ ಎರಡನೇ ಕೂಲಿ ಕೊಡಬೇಕಾಯಿತಲ್ಲ ಎಂಬುದು.

ಮಾರ್ಚಿನಲ್ಲಿ ಹಲಗೆಗಳು ಕುಗ್ಗಿ ಸಂದುಗಳು ಬಿಡುವುದು, ಜುಲೈಯಲ್ಲಿ ಅವು ಉಬ್ಬಿ ಮುಚ್ಚಿಕೊಳ್ಳುವುದು ದೋಷವಲ್ಲ. ಮರ ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಾಲ್ಕು ಇಂಚಿಗಿಂತ ಅಗಲದ ಹಲಗೆಗೆ ಆಸೆಪಡಬೇಡಿ, ನಾಲಿಗೆಯನ್ನು ತೋಡಿನ ತಳಕ್ಕೆ ಬಿಗಿಯಾಗಿ ತುರುಕಲು ಬಿಡಬೇಡಿ. ಕುಟ್ಟೆ ಹುಳುವಿನದು ನಿಜವಾದ ಭಯ. ಸಿಲ್ವರ್ ಓಕ್‌ನ ಹೊರಗಿನ ಬಿಳಿ ಮರ ಅದಕ್ಕೆ ಬಹಳ ಪ್ರಿಯ. ಕೊಯ್ದ ಹಲಗೆಯನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿಸಿ, ನೆರಳಿನಲ್ಲಿ ನಡುವೆ ಕಡ್ಡಿಯಿಟ್ಟು ಪೇರಿಸಿ ಒಣಗಿಸಿದ ಮೇಲೆಯೇ ರಂದಾ ಹೊಡೆಸಬೇಕು. ಈ ಔಷಧ ನೀರಿನಲ್ಲಿ ಕರಗಿ ಹೋಗುವುದರಿಂದ ಹೊರಗೋಡೆಗೆ ಇದರ ಭರವಸೆ ಬೇಡ.

ಹಣ ಧಾರಾಳವಿರುವವರು ತೇಗ ಹಾಕಿಸಲಿ, ನನ್ನ ಅಭ್ಯಂತರವಿಲ್ಲ. ನನ್ನಂತೆ ಮಳೆಗಾಲದಲ್ಲೂ ತೋಟದಲ್ಲೇ ಉಳಿಯುವ, ಲೆಕ್ಕ ಹಾಕಿ ಖರ್ಚು ಮಾಡುವವರಿಗೆ ಈ ಹಲಗೆಯನ್ನೇ ಸೂಚಿಸುತ್ತೇನೆ. ಆದರೆ ಮುಂಗಡ ಕೊಡುವ ಮೊದಲು ರೀಪಿನ ದಿಕ್ಕನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಗ್ಯಾಸ್ ಒಲೆಯ ಹಿಂದೆ, ಬಚ್ಚಲಿನಲ್ಲಿ ಹಲಗೆ ಬೇಡ, ಅಲ್ಲಿ ಗಾರೆಯೇ ಇರಲಿ.