ಮೈಸೂರಿನ ಮನೆಗೆ ಸ್ಟ್ರಾಸ್‌ಬರ್ಗಿನ ಮನೆ: ಹೋಮ್‌ಎಕ್ಸ್‌ಚೇಂಜ್ ಸೇವೆಯ ವಿಮರ್ಶೆ

ವಿದ್ಯಾರ್ಥಿ ವಿನಿಮಯದ ಮೇಲೆ ಒಂದು ಸೆಮಿಸ್ಟರಿಗೋ ಒಂದು ವರ್ಷಕ್ಕೋ ಮಕ್ಕಳು ಯೂರೋಪಿಗೆ ಹೋಗುವುದು ಈಗ ನಮ್ಮ ಮಧ್ಯಮವರ್ಗದ ಮನೆಗಳಲ್ಲೂ ಅಪರೂಪವಲ್ಲ. ಅವರ ಜೊತೆ ಕೆಲವು ವಾರ ಇದ್ದುಬರಬೇಕೆಂದು ಹೊರಡುವ ತಂದೆತಾಯಿಗೆ ವಿಮಾನದ ಟಿಕೆಟ್ಟಿಗಿಂತ ದೊಡ್ಡ ಚಿಂತೆ ತಂಗುವ ಜಾಗದ್ದು. ಹೋಟೆಲಿನಲ್ಲಿ ವಾರಗಟ್ಟಲೆ ಇರುವುದು ಕೈಗೆಟುಕುವ ಮಾತಲ್ಲ, ಮೂರು ಹೊತ್ತೂ ಹೊರಗೆ ತಿನ್ನುವುದು ನಮ್ಮ ವಯಸ್ಸಿನವರ ಹೊಟ್ಟೆಗೆ ಒಗ್ಗುವುದೂ ಇಲ್ಲ. ಮಗಳು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ವಿನಿಮಯ ವಿದ್ಯಾರ್ಥಿನಿಯಾಗಿದ್ದ ಚಳಿಗಾಲದಲ್ಲಿ ನಾವು ದಂಪತಿ ಹೋಮ್‌ಎಕ್ಸ್‌ಚೇಂಜ್ ಎಂಬ ಮನೆ ವಿನಿಮಯದ ಜಾಲತಾಣದ ಮೂಲಕ ಮೈಸೂರಿನ ನಮ್ಮ ಮನೆಯನ್ನು ಅಲ್ಲಿನ ಒಂದು ದಂಪತಿಗೆ ಬಿಟ್ಟುಕೊಟ್ಟು ಅವರ ಮನೆಯಲ್ಲಿ ಇದ್ದುಬಂದೆವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ನಾವು ಕೊಡುವ ಹಣಕ್ಕೆ ಮೋಸವಿಲ್ಲದ ಸೇವೆ, ಆದರೆ ಅದು ಮಾಡಿಕೊಡುವುದು ಪರಿಚಯವನ್ನು ಮಾತ್ರ. ವಿನಿಮಯ ಚೆನ್ನಾಗಿ ನಡೆಯುವುದು ಎರಡು ಮನೆಯವರು ಹೊರಡುವ ಮುನ್ನ ಎಷ್ಟು ವಿವರವಾಗಿ ಮಾತಾಡಿಕೊಂಡಿದ್ದಾರೆ ಎಂಬುದರ ಮೇಲೆ.

ಮನೆ ಅದಲುಬದಲು ಮಾಡಿಕೊಳ್ಳುವ ಪದ್ಧತಿ ಅಂತರ್ಜಾಲಕ್ಕಿಂತ ಹಳೆಯದು. 1953ರಲ್ಲೇ ಶಾಲಾ ಶಿಕ್ಷಕರು, ಬೇಸಿಗೆ ರಜೆ ಉದ್ದವಿದ್ದು ಸಂಬಳ ಮಾತ್ರ ಸಣ್ಣದಿದ್ದವರು, ಮುದ್ರಿತ ಪಟ್ಟಿಗಳ ಮೂಲಕ ಇದನ್ನು ಶುರುಮಾಡಿದ್ದರು. ಇಂಟರ್‌ವ್ಯಾಕ್ ಮತ್ತು ಹೋಮ್‌ಲಿಂಕ್ ಎಂಬ ಎರಡು ಸಂಸ್ಥೆಗಳೂ ತಮ್ಮ ಮೂಲವನ್ನು ಆ ವರ್ಷಕ್ಕೆ ಒಯ್ಯುತ್ತವೆ. ಹೋಮ್‌ಎಕ್ಸ್‌ಚೇಂಜ್ ಅನ್ನು 1992ರಲ್ಲಿ ಅಮೆರಿಕದಲ್ಲಿ ಎಡ್ ಕುಶಿನ್ಸ್ ಆರಂಭಿಸಿದರು. 2017ರಲ್ಲಿ ಗೆಸ್ಟ್‌ಟುಗೆಸ್ಟ್ ಎಂಬ ಫ್ರೆಂಚ್ ಕಂಪನಿ ಅದನ್ನು ಕೊಂಡುಕೊಂಡು ಎರಡನ್ನೂ ಒಂದೇ ಹೆಸರಿನಡಿ ತಂದಿತು. ಸದಸ್ಯರಲ್ಲಿ ಫ್ರಾನ್ಸಿನವರ ಪಾಲು ದೊಡ್ಡದಾಗಿರುವುದಕ್ಕೆ ಇದೇ ಕಾರಣ, ಫ್ರಾನ್ಸಿಗೆ ಹೋಗುವವರಿಗೆ ಅದರಿಂದ ಅನುಕೂಲವೂ ಇದೆ.

ವಿನಿಮಯಕ್ಕೆ ಎರಡು ದಾರಿಗಳಿವೆ. ಒಂದು ನೇರ ಅದಲುಬದಲು: ನೀವು ಅವರ ಮನೆಗೆ, ಅವರು ನಿಮ್ಮ ಮನೆಗೆ. ಇನ್ನೊಂದು ಗೆಸ್ಟ್‌ಪಾಯಿಂಟ್ ಎಂಬ ಅಂಕಗಳದ್ದು. ಪ್ರತಿ ಮನೆಗೂ ಅದರ ಊರು, ವಿಸ್ತಾರ, ಸೌಕರ್ಯಗಳನ್ನು ನೋಡಿ ಒಂದು ರಾತ್ರಿಗೆ ಇಷ್ಟು ಅಂಕ ಎಂದು ನಿಗದಿಯಾಗುತ್ತದೆ. ರಾತ್ರಿಗೆ 150 ಅಂಕದ ಮನೆಯಲ್ಲಿ ಒಂದು ವಾರ ಇದ್ದರೆ 1,050 ಅಂಕ ಕಳೆಯುತ್ತದೆ, ನಿಮ್ಮ ಮನೆಗೆ ಬೇರೆ ಯಾರೋ ಬಂದು ಇದ್ದಾಗ ಅದೇ ಲೆಕ್ಕದಲ್ಲಿ ಅಂಕ ಸೇರುತ್ತದೆ. ಬಾಡಿಗೆಯ ಹಣ ಯಾರ ಕೈಯಿಂದ ಯಾರ ಕೈಗೂ ಹೋಗುವುದಿಲ್ಲ. ಹೆಸರು ನೋಂದಾಯಿಸಿ ಹುಡುಕುವುದು ಉಚಿತ. ವಿನಿಮಯವನ್ನು ಖಚಿತಪಡಿಸುವಾಗ ವಾರ್ಷಿಕ ಸದಸ್ಯತ್ವ ಕಟ್ಟಬೇಕು, ನಾವು ಹೋದಾಗ ಯೂರೋಪಿನಲ್ಲಿ ಅದು 160 ಯೂರೋ ಆಸುಪಾಸಿನಲ್ಲಿತ್ತು. ಆ ಒಂದು ಶುಲ್ಕದಲ್ಲಿ ವರ್ಷಪೂರ್ತಿ ಎಷ್ಟು ವಿನಿಮಯ ಬೇಕಾದರೂ ಮಾಡಬಹುದು. ವರ್ಷಕ್ಕೊಮ್ಮೆ ಒಂದು ವಾರ ಮಾತ್ರ ಹೋಗುವವರಿಗೆ ಇದು ದುಬಾರಿ, ಒಂದು ತಿಂಗಳು ಇರುವವರಿಗೆ ಬಹಳ ಅಗ್ಗ.

ಭಾರತದಿಂದ ಹೋಗುವವರಿಗೆ ನೇರ ಅದಲುಬದಲು ಸಿಗುವುದು ಸುಲಭವಲ್ಲ ಎಂಬುದು ನಿಜ, ಏಕೆಂದರೆ ನಿಮ್ಮ ಊರಿಗೆ ಬರಲು ಆ ಕಡೆಯವರಿಗೂ ಒಂದು ಕಾರಣ ಇರಬೇಕು. ಈ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. ಗೋಕುಲಂ ಬಡಾವಣೆಯ ಸುತ್ತಮುತ್ತ ಅಷ್ಟಾಂಗ ಯೋಗ ಕಲಿಯಲು ಪ್ರತಿ ಚಳಿಗಾಲ ವಿದೇಶಿಯರು ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅವರಿಗೆ ಬೇಕಾದದ್ದು ಅಡುಗೆಮನೆ ಇರುವ, ಬೆಳಗಿನ ಜಾವ ನಡೆದೇ ತರಗತಿಗೆ ಹೋಗಬಹುದಾದ ಮನೆ. ನಮ್ಮ ಮನೆ ಒಂಟಿಕೊಪ್ಪಲಿನಲ್ಲಿದೆ. ಮನೆಯ ವಿವರಣೆಯಲ್ಲಿ ಅರಮನೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದಾಗ ಬಾರದ ಉತ್ತರಗಳು, ಗೋಕುಲಂಗೆ ಎಷ್ಟು ನಿಮಿಷದ ನಡಿಗೆ ಎಂಬುದನ್ನು ಮೊದಲ ಸಾಲಿಗೆ ತಂದ ಮೇಲೆ ಬರತೊಡಗಿದವು. ಬೆಂಗಳೂರಿನವರಾದರೆ ಮೆಟ್ರೊ ನಿಲ್ದಾಣ ಎಷ್ಟು ದೂರ ಎಂದು ಬರೆಯಬೇಕು, ಉಡುಪಿ ಕಡೆಯವರಾದರೆ ಕಡಲು. ಯಾರು, ಯಾವ ಕೆಲಸಕ್ಕೆ ನಿಮ್ಮ ಊರಿಗೆ ಬರುತ್ತಾರೆ ಎಂದು ಯೋಚಿಸಿ ಬರೆದ ವಿವರಣೆಗೂ ಹಾಗೇ ಹಾಕಿದ ಫೋಟೊಗಳಿಗೂ ಅಷ್ಟು ವ್ಯತ್ಯಾಸವಿದೆ.

ಕಾಗದಪತ್ರದ ಕೆಲಸವನ್ನು ಈ ಸೇವೆ ನಿಮಗಾಗಿ ಮಾಡುವುದಿಲ್ಲ, ಮಾಡುತ್ತೇನೆಂದು ಹೇಳಿಕೊಳ್ಳುವುದೂ ಇಲ್ಲ. ಫ್ರಾನ್ಸೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಖಾಸಗಿ ಮನೆಯಲ್ಲಿ ತಂಗುವವರಿಂದ ಫ್ರಾನ್ಸ್ 'ಅತೆಸ್ತಾಸಿಯೋ ದಾಕೈ' ಎಂಬ ಆತಿಥ್ಯ ಪತ್ರವನ್ನು ಕೇಳುತ್ತದೆ, ಅದನ್ನು ಮನೆಯವರು ತಮ್ಮ ಊರಿನ ನಗರಾಡಳಿತ ಕಚೇರಿಗೆ ಖುದ್ದಾಗಿ ಹೋಗಿ ಪಡೆದು ನಮಗೆ ಕಳುಹಿಸಬೇಕು. ಆದ್ದರಿಂದ ವಿನಿಮಯದ ಮಾತುಕತೆ ಪ್ರಯಾಣಕ್ಕೆ ಹಲವು ತಿಂಗಳ ಮುಂಚೆಯೇ ಮುಗಿದಿರಬೇಕು. ವೀಸಾ ಬಾರದಿದ್ದರೆ ಏನು ಮಾಡುವುದು ಎಂಬುದನ್ನೂ ಮೊದಲೇ ಒಪ್ಪಿಕೊಂಡಿರುವುದು ಲೇಸು, ಏಕೆಂದರೆ ಭಾರತದ ಪಾಸ್‌ಪೋರ್ಟ್ ಇರುವವರ ಪಾಡು ಫ್ರೆಂಚರಿಗೆ ತಾನಾಗಿ ಹೊಳೆಯುವುದಿಲ್ಲ.

ನಮ್ಮ ಕಡೆಯಲ್ಲೂ ಒಂದು ಜವಾಬ್ದಾರಿ ಇದೆ, ಇದನ್ನು ನಮ್ಮವರು ಬಹಳ ಮಂದಿ ತಿಳಿದಿರುವುದಿಲ್ಲ. ವಿದೇಶಿ ಅತಿಥಿಗೆ ಭಾರತದಲ್ಲಿ ಮನೆ ಕೊಡುವವರು, ಹೋಟೆಲಿನವರಾಗಲಿ ಸಾಮಾನ್ಯ ಗೃಹಸ್ಥರಾಗಲಿ, ಅವರು ಬಂದ 24 ಗಂಟೆಯೊಳಗೆ ವಲಸೆ ಇಲಾಖೆಯ ಜಾಲತಾಣದಲ್ಲಿ ಅತಿಥಿಯ ವಿವರಗಳ ನಮೂನೆಯನ್ನು (ಫಾರ್ಮ್ ಸಿ ಎಂದು ರೂಢಿಯಾಗಿದ್ದದ್ದು) ಸಲ್ಲಿಸಬೇಕು. ಅದಕ್ಕೆ ಮನೆ ಮಾಲೀಕರ ಹೆಸರಿನಲ್ಲಿ ಲಾಗಿನ್ ಇರಬೇಕು, ಅದನ್ನು ಊರಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಬೇಕು. ನೀವು ವಿಮಾನದಲ್ಲಿರುವ ಹೊತ್ತಿಗೇ ಅತಿಥಿಗಳು ಮನೆ ತಲುಪಬಹುದಾದ್ದರಿಂದ, ಅವರ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ಮುಂಚೆಯೇ ತರಿಸಿಕೊಂಡು ನಂಬಿಕಸ್ಥರೊಬ್ಬರಿಗೆ ವಹಿಸುವುದು ಕ್ಷೇಮ. ನಮ್ಮ ಪರವಾಗಿ ಈ ಕೆಲಸವನ್ನು ನನ್ನ ತಮ್ಮ ಮಾಡಿದ.

ಇನ್ನು ಮನೆಯ ವಿಷಯ. ಸ್ಟ್ರಾಸ್‌ಬರ್ಗಿನ ನಾಯ್‌ಡಾರ್ಫ್ ಬಡಾವಣೆಯಲ್ಲಿ ಡಿ ಮಾರ್ಗದ ಟ್ರಾಮಿಗೆ ಹತ್ತಿರವಿದ್ದ ಹಳೆಯ ಕಟ್ಟಡದ ಫ್ಲಾಟ್ ಅದು. ಅದೇ ಟ್ರಾಮ್ 2017ರಿಂದ ರೈನ್ ನದಿ ದಾಟಿ ಜರ್ಮನಿಯ ಕೆಲ್ ಊರಿಗೆ ಹೋಗುತ್ತದೆ. ಊರಿನವರು ದಿನಸಿ, ಸೋಪು ಕೊಳ್ಳಲು ಇನ್ನೊಂದು ದೇಶಕ್ಕೆ ಟ್ರಾಮಿನಲ್ಲಿ ಹೋಗಿಬರುವುದನ್ನು ನೋಡಿ ನಮಗೆ ಮೊದಮೊದಲು ಬೆರಗಾಗುತ್ತಿತ್ತು, ಆಮೇಲೆ ನಾವೂ ಕೈಚೀಲ ಹಿಡಿದು ಹೊರಟೆವು. ಆದರೆ ನಮ್ಮನ್ನು ನಿಜವಾಗಿ ಕಾಪಾಡಿದ್ದು ಊಟದ ಮೇಜಿನ ಮೇಲೆ ಅವರು ಇಟ್ಟುಹೋಗಿದ್ದ ಒಂದು ರಿಂಗ್ ಫೈಲು. ಮೊದಲ ಹಾಳೆಯಲ್ಲಿ ಯಾವ ಕೀಲಿ ಯಾವ ಬಾಗಿಲಿನದು ಎಂದು ಬಣ್ಣದ ಚುಕ್ಕೆ ಅಂಟಿಸಿದ ಚಿತ್ರ. ಎರಡನೆಯದರಲ್ಲಿ ರೇಡಿಯೇಟರಿನ ತಿರುಪನ್ನು ಹಗಲು ಮೂರಕ್ಕೆ, ರಾತ್ರಿ ಎರಡಕ್ಕೆ ಇಡಬೇಕು, ಎಷ್ಟೇ ಚಳಿ ಇರಲಿ ಬೆಳಗ್ಗೆ ಕೆಲವು ನಿಮಿಷ ಕಿಟಕಿಗಳನ್ನೆಲ್ಲ ಪೂರ್ತಿ ತೆರೆದು ಮುಚ್ಚಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ ಎಂಬ ವಿವರಣೆ. ಮೂರನೆಯದರಲ್ಲಿ ಕಸ: ಕಾಗದ ಮತ್ತು ಪೊಟ್ಟಣಗಳು ಹಳದಿ ಡಬ್ಬಕ್ಕೆ, ಗಾಜು ಬೀದಿಯಂಚಿನ ದೊಡ್ಡ ಪೆಟ್ಟಿಗೆಗೆ, ತರಕಾರಿ ಸಿಪ್ಪೆ ಬೇರೆ. 2024ರ ಜನವರಿಯಿಂದ ಹಸಿ ಕಸವನ್ನು ಪ್ರತ್ಯೇಕಿಸುವುದು ಫ್ರಾನ್ಸಿನಲ್ಲಿ ಕಾನೂನೇ ಆಗಿದೆ. ಇಂಡಕ್ಷನ್ ಒಲೆಯ ಮಕ್ಕಳ ಬೀಗ ತೆಗೆಯುವುದು ಹೇಗೆ ಎಂಬುದಕ್ಕೂ ಫೋಟೊ ಇತ್ತು. ಅದಿಲ್ಲದಿದ್ದರೆ ಮೊದಲ ರಾತ್ರಿ ಒಂದು ಲೋಟ ಹಾಲೂ ಕಾಯುತ್ತಿರಲಿಲ್ಲ.

ಸ್ವಂತ ಅಡುಗೆಮನೆ ಇದ್ದುದರಿಂದ ಎಲ್ಲವೂ ಹಗುರವಾಯಿತು. ಅಲ್ಲಿನ ಯಾವ ಸೂಪರ್‌ಮಾರ್ಕೆಟ್ಟಿಗೆ ಹೋದರೂ ಸಣ್ಣ ರವೆ ಸಿಗುತ್ತದೆ, ಉಪ್ಪಿಟ್ಟಿಗೆ ತೊಂದರೆಯಿಲ್ಲ. ಸಾರಿನ ಪುಡಿ, ಹುಣಸೆಹಣ್ಣು, ಇಂಗು ಇಲ್ಲಿಂದಲೇ ಒಯ್ದಿದ್ದೆವು. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಡಿಸೆಂಬರ್ 26 ಫ್ರಾನ್ಸಿನ ಬಹುತೇಕ ಕಡೆ ಕೆಲಸದ ದಿನವಾದರೂ ಅಲ್ಸಾಸ್ ಪ್ರಾಂತ್ಯದಲ್ಲಿ ರಜೆ. ಇದನ್ನೂ ಫೈಲಿನಲ್ಲಿ ಬರೆದಿಟ್ಟಿದ್ದರು. 1570ರಿಂದ ನಡೆದುಬಂದಿರುವ ಕ್ರಿಸ್‌ಮಸ್ ಸಂತೆಯ ದಿನಗಳಲ್ಲಿ ನಗರದ ಹೋಟೆಲುಗಳಲ್ಲಿ ಕೋಣೆ ಸಿಗುವುದೇ ಕಷ್ಟ. ಅಂಥ ಹೊತ್ತಿನಲ್ಲಿ ನಾವು ಮನೆಯಲ್ಲಿ ಕೂತು ಮಗಳಿಗೆ ಬಿಸಿ ಅನ್ನ ಬಡಿಸುತ್ತಿದ್ದೆವು.

ನಾವೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟಿದ್ದೆವು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸುವ ಕ್ರಮ, ಕುಕ್ಕರಿನ ಸೀಟಿ, ಕರೆಂಟು ಹೋದರೆ ಯುಪಿಎಸ್‌ನಲ್ಲಿ ಯಾವ ದೀಪ ಉರಿಯುತ್ತದೆ, ನಲ್ಲಿಯ ನೀರನ್ನು ಹಾಗೇ ಕುಡಿಯದೆ ಫಿಲ್ಟರಿನಿಂದಲೇ ಹಿಡಿಯಬೇಕು, ಮನೆಕೆಲಸದ ಮಂಜಮ್ಮನವರು ಎಷ್ಟು ಹೊತ್ತಿಗೆ ಬರುತ್ತಾರೆ ಇತ್ಯಾದಿ. ಅತಿ ಸೂಕ್ಷ್ಮವಾದದ್ದು ಅಡುಗೆಮನೆ ಮತ್ತು ದೇವರಮನೆ. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಅದನ್ನು ಮನೆಯ ವಿವರಣೆಯಲ್ಲೇ ಸ್ಪಷ್ಟವಾಗಿ ಹಾಕಿದ್ದೆವು. ದೇವರಮನೆಗೆ ಬೀಗ ಹಾಕಿದ್ದೇವೆ, ಅದು ಅಪನಂಬಿಕೆಯಿಂದ ಅಲ್ಲ ಎಂದು ಮೊದಲ ಪತ್ರದಲ್ಲೇ ತಿಳಿಸಿದೆವು. ಆ ಕಡೆಯಿಂದ ಬಂದ ಉತ್ತರ ನೋಡಿ ನಮಗೆ ಸಮಾಧಾನವಾಯಿತು: ತಾವು ಸಸ್ಯಾಹಾರಿಗಳೇ, ಚಪ್ಪಲಿಯನ್ನು ಎಲ್ಲಿ ಬಿಡಬೇಕು ಹೇಳಿ ಎಂದು ಅವರೇ ಕೇಳಿದ್ದರು. ಇಂಥ ಮಾತುಗಳನ್ನು ಸಂಕೋಚದಿಂದ ಬಚ್ಚಿಟ್ಟು, ಆಮೇಲೆ ದೂರದೇಶದಲ್ಲಿ ಕೂತು ಮನಸ್ಸಿನಲ್ಲಿ ನೋಯುವುದಕ್ಕಿಂತ, ಒಪ್ಪದವರು ಆರಂಭದಲ್ಲೇ ಹಿಂದೆ ಸರಿಯುವಂತೆ ಬರೆಯುವುದು ಇಬ್ಬರಿಗೂ ಒಳ್ಳೆಯದು.

ಹಾಗಾದರೆ ವಿದ್ಯಾರ್ಥಿಗಳೂ ಇದನ್ನೇ ಬಳಸಬಹುದಲ್ಲ ಎಂದು ಕೆಲವರು ಕೇಳಿದ್ದಾರೆ. ನನ್ನ ಉತ್ತರ ಬೇಡ ಎಂದೇ. ವಿದ್ಯಾರ್ಥಿ ವಿನಿಮಯಕ್ಕೆ ತನ್ನದೇ ಗಟ್ಟಿಯಾದ ವ್ಯವಸ್ಥೆ ಇದೆ. ಅಮೆರಿಕದ ಎಎಫ್‌ಎಸ್ ಎಂಬ ಸಂಸ್ಥೆ 1947ರಲ್ಲಿ ಪ್ರೌಢಶಾಲೆಯ ಮಕ್ಕಳನ್ನು ಪರದೇಶದ ಕುಟುಂಬಗಳಲ್ಲಿ ಇರಿಸುವ ಕಾರ್ಯಕ್ರಮ ಶುರುಮಾಡಿತು. ಯೂರೋಪಿನ ವಿಶ್ವವಿದ್ಯಾಲಯಗಳ ನಡುವಿನ ಎರಾಸ್ಮಸ್ ವಿನಿಮಯ ಕಾರ್ಯಕ್ರಮ 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳಿಂದ ಆರಂಭವಾಯಿತು. ಎರಡು ವಿಶ್ವವಿದ್ಯಾಲಯಗಳ ನಡುವೆ ವಿನಿಮಯ ಒಪ್ಪಂದವಿದ್ದಾಗ ವಿದ್ಯಾರ್ಥಿ ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ತನ್ನ ಕಾಲೇಜಿಗೇ ಕಟ್ಟುತ್ತಾನೆ, ಆತಿಥೇಯ ವಿಶ್ವವಿದ್ಯಾಲಯಕ್ಕೆ ಅಲ್ಲ. ಫ್ರಾನ್ಸಿನಲ್ಲಿ ಸರ್ಕಾರದ ಕ್ರೂಸ್ ಸಂಸ್ಥೆ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತದೆ, ಅಲ್ಲಿನ ಬಾಡಿಗೆ ಹೊರಗಿನ ಮಾರುಕಟ್ಟೆಗಿಂತ ಎಷ್ಟೋ ಕಡಿಮೆ. ಮಗಳ ಕೋಣೆ ಅಂಥದ್ದೇ, 9 ಚದರ ಮೀಟರಿನದು: ಒಂದು ಮಂಚ, ಒಂದು ಮೇಜು, ಕಿಟಕಿಯ ಕೆಳಗೆ ಸಣ್ಣ ಫ್ರಿಜ್ಜು. ಓದುವ ಹುಡುಗಿಗೆ ಅದು ಸಾಕು, ತಂದೆತಾಯಿ ಬಂದು ಇರುವ ಜಾಗ ಅಲ್ಲ. ಸೆಮಿಸ್ಟರ್ ಪೂರ್ತಿ ಇರುವವರಿಗೆ ದೀರ್ಘಾವಧಿ ವೀಸಾ ಬೇಕು, ವಿಳಾಸದ ದಾಖಲೆ ಬೇಕು, ಬ್ಯಾಂಕ್ ಖಾತೆ ತೆರೆಯಲು ಬಾಡಿಗೆ ಕರಾರಿನಂಥ ಪುರಾವೆ ಬೇಕು. ಇನ್ನೊಬ್ಬರ ಮನೆಯಲ್ಲಿ ತಾತ್ಕಾಲಿಕವಾಗಿ ಇರುವಾಗ ಇವುಗಳಲ್ಲಿ ಯಾವುದೂ ಸುಸೂತ್ರವಾಗಿ ಆಗುವುದಿಲ್ಲ. ವಿಶ್ವವಿದ್ಯಾಲಯದ ವಿನಿಮಯ ಕಚೇರಿ ನಿಲಯದ ಅರ್ಜಿ ಕಳುಹಿಸಿದ ದಿನವೇ ತುಂಬಿ ಕಳುಹಿಸಿ ಎಂಬುದು ವಿದ್ಯಾರ್ಥಿಗಳಿಗೆ ನನ್ನ ಸಲಹೆ.

ಒಂದು ವರ್ಷದ ಸಂಶೋಧನಾ ರಜೆಯಲ್ಲಿ ಕುಟುಂಬ ಸಮೇತ ಹೋಗುವ ಅಧ್ಯಾಪಕರ ಸ್ಥಿತಿ ಬೇರೆ. ಅಂಥವರಿಗೆ 2000ದಲ್ಲಿ ಆರಂಭವಾದ ಸಬ್ಬಾಟಿಕಲ್‌ಹೋಮ್ಸ್ ಎಂಬ ಜಾಲತಾಣ ಹೆಚ್ಚು ಸೂಕ್ತ, ಅಲ್ಲಿ ಬಹುಪಾಲು ಜಾಹೀರಾತುಗಳು ಶೈಕ್ಷಣಿಕ ವರ್ಷಕ್ಕೆ ಹೊಂದುವಂತಿರುತ್ತವೆ ಮತ್ತು ಎರಡೂ ಕಡೆಯವರು ವಿಶ್ವವಿದ್ಯಾಲಯದ ವಲಯದವರೇ ಆಗಿರುತ್ತಾರೆ. ಆದರೆ ಅಲ್ಲಿ ಹೆಚ್ಚಿನವು ಬಾಡಿಗೆಯ ಮನೆಗಳು.

ಹೋಮ್‌ಎಕ್ಸ್‌ಚೇಂಜಿನ ಮಿತಿಗಳನ್ನೂ ಹೇಳಬೇಕು. ಭಾರತದಲ್ಲಿ ಸದಸ್ಯರು ಕಡಿಮೆ, ಹಾಗಾಗಿ ಇಲ್ಲಿಂದ ಕಳುಹಿಸುವ ಮೊದಲ ಪತ್ರಕ್ಕೆ ಆ ಕಡೆಯವರು ಹಿಂಜರಿಯುವುದು ಸಹಜ. ಹಿಂದೆ ಬಂದವರ ಮೆಚ್ಚುಗೆಯ ಮಾತು ಒಂದೂ ಇಲ್ಲದ ಮನೆಯನ್ನು ಯಾರೂ ತಟ್ಟನೆ ಒಪ್ಪುವುದಿಲ್ಲ. ಅದಕ್ಕೆ ಮೊದಲು ಗುರುತು ಮತ್ತು ವಿಳಾಸದ ದಾಖಲೆ ಕೊಟ್ಟು ಪರಿಶೀಲನೆ ಮುಗಿಸಿಕೊಳ್ಳಬೇಕು, ವೀಡಿಯೊ ಕರೆಯಲ್ಲಿ ಮನೆಯನ್ನು ಕೋಣೆ ಕೋಣೆಯಾಗಿ ತೋರಿಸಬೇಕು, ಸಾಧ್ಯವಾದರೆ ಅಂಕಗಳ ಲೆಕ್ಕದಲ್ಲಿ ಯಾರನ್ನಾದರೂ ಕೆಲವು ದಿನ ಬರಮಾಡಿಕೊಳ್ಳಬೇಕು. ವಯಸ್ಸಾದ ತಂದೆತಾಯಿ ಜೊತೆಯಲ್ಲಿರುವ ಮನೆ, ಬಾಡಿಗೆಯ ಮನೆ, ಸಂಘದ ನಿಯಮಗಳು ಬಿಗಿಯಾಗಿರುವ ಅಪಾರ್ಟ್‌ಮೆಂಟ್, ಇವುಗಳನ್ನು ವಿನಿಮಯಕ್ಕೆ ಇಡುವ ಮುನ್ನ ಸಂಬಂಧಪಟ್ಟವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲೇಬೇಕು. ತಮ್ಮ ಪಾತ್ರೆ, ಹಾಸಿಗೆಯನ್ನು ಅಪರಿಚಿತರು ಬಳಸುವುದನ್ನು ನೆನೆದರೇ ಇರುಸುಮುರುಸಾಗುವವರು ಈ ಗೊಡವೆಗೆ ಹೋಗದಿರುವುದು ಒಳ್ಳೆಯದು. ಅವರಿಗೆ ಸರ್ವಿಸ್ ಅಪಾರ್ಟ್‌ಮೆಂಟ್ ಇದೆ.

ಉಳಿದವರಿಗೆ, ಅದರಲ್ಲೂ ಮಕ್ಕಳು ಬರುವ ವರ್ಷ ವಿನಿಮಯದ ಮೇಲೆ ಹೊರಡಲಿರುವವರಿಗೆ, ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಮಗುವಿನ ವಿಶ್ವವಿದ್ಯಾಲಯ ನಿಗದಿಯಾದ ಕೂಡಲೇ ಖಾತೆ ತೆರೆಯಿರಿ, ಆದರೆ ಸದಸ್ಯತ್ವದ ಹಣವನ್ನು ಆಗಲೇ ಕಟ್ಟಬೇಡಿ. ಉಚಿತವಾಗಿಯೇ ಆ ಊರಿನ ಮನೆಗಳನ್ನು ನೋಡಿ, ಟ್ರಾಮ್ ಅಥವಾ ಬಸ್ಸಿನ ಮಾರ್ಗದಲ್ಲಿರುವವರಿಗೆ ಬರೆಯಿರಿ, ಒಬ್ಬರು ಒಪ್ಪಿ ದಿನಾಂಕಗಳು ಕೂಡಿಬಂದ ಮೇಲೆ ಕಟ್ಟಿದರೆ ಸಾಕು.